ಒಳಗಾಲಿಯ ಕಾವಲು

ಬೆಂಗಳೂರಿನಿಂದ ಹೈದರಾಬಾದ್ ದಾಟಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಾಗಪುರ ಮುಟ್ಟಿದ ಲಾರಿ ಚಾಲಕ ಊಟಕ್ಕೂ ಮೊದಲು ರಾಡು ಹಿಡಿದು ಟೈರುಗಳಿಗೆ ಬಡಿಯುತ್ತಾನೆ. ಗಾಳಿ ತುಂಬಿದ್ದರೆ ರಾಡು ಪುಟಿಯುತ್ತದೆ. ಇಳಿದಿದ್ದರೆ ‘ಧಪ್’ ಎನ್ನುತ್ತದೆ. ಸೊಗಸಾದ ವಿದ್ಯೆ.

ಆದರೆ ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದನ್ನು ನಂಬುವಂತಿಲ್ಲ. ಅದರ ಗಾಳಿ ಇಳಿದರೂ ಹೊರಗಿನ ಟೈರು ಭಾರ ಹೊತ್ತು ಗುಟ್ಟು ಮುಚ್ಚಿಡುತ್ತದೆ. 45 ಡಿಗ್ರಿ ದಾಟುವ ನಾಗಪುರದ ಮೇ ಬಿಸಿಲಲ್ಲಿ ಎರಡೂ ಕಾದು ಸಿಡಿಯಬಹುದು. ಟೈರಿನ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ, ಅಂದರೆ ಟಿಪಿಎಂಎಸ್ (ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಂ), ಗೆಲ್ಲುವುದು ಇಲ್ಲೇ. ವಾಲ್ವಿಗೆ ಕೂತ ಪುಟ್ಟ ಸೆನ್ಸರ್ ಆಯಾ ಟೈರಿನ ಒತ್ತಡ, ಬಿಸಿ ಎರಡನ್ನೂ ರೇಡಿಯೋ ಸಂಕೇತವಾಗಿ ಕ್ಯಾಬಿನ್ನಿನ ಪರದೆಗೆ ಕಳಿಸುತ್ತದೆ. 701 ಕಿ.ಮೀ. ಉದ್ದದ ನಾಗಪುರ–ಮುಂಬೈ ಸಮೃದ್ಧಿ ಮಹಾಮಾರ್ಗದಂಥ ವೇಗದ ರಸ್ತೆಗೆ ಈ ಕಾವಲು ಬೇಕೇ ಬೇಕು.

ಗಾಳಿಯನ್ನು ಮಾತ್ರ ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ತುಂಬಿಸಿ.