ನೆರೆ ಪರಿಹಾರ: ಟನ್ನುಗಳ ಲೆಕ್ಕ ಸಾಕೇ?
ಮೊಜಾಂಬಿಕ್‌ನ ಎರಡು ದುರಂತಗಳ ವಿಮರ್ಶೆ

ಪ್ರವಾಹವೋ ಚಂಡಮಾರುತವೋ ಎಲ್ಲಾದರೂ ಸಂಭವಿಸಿದಾಗ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಎರಡು ಮೂರು ದಿನಗಳಲ್ಲೇ ಪತ್ರಿಕೆಗಳಲ್ಲಿ ಅಂಕಿಗಳು ಕಾಣಿಸಿಕೊಳ್ಳುತ್ತವೆ. ಇಷ್ಟು ಟನ್ ಅಕ್ಕಿ, ಇಷ್ಟು ಸಾವಿರ ಹೊದಿಕೆ, ಇಷ್ಟು ಹೆಲಿಕಾಪ್ಟರ್, ಇಷ್ಟು ಕೋಟಿ ರೂಪಾಯಿ. ಈ ಅಂಕಿಗಳು ಸುಳ್ಳಲ್ಲ. ಆದರೆ ನೆರವು ಎಲ್ಲಿಂದ ಎಷ್ಟು ಹೊರಟಿತು ಎಂಬುದನ್ನಷ್ಟೇ ಅವು ಹೇಳುತ್ತವೆ. ಅದು ಯಾರನ್ನು ಯಾವಾಗ ತಲುಪಿತು ಎಂಬುದನ್ನು ಹೇಳುವುದಿಲ್ಲ.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. 1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಮಹಾ ಚಂಡಮಾರುತ ಅಪ್ಪಳಿಸಿದಾಗ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಧ್ಯಾಪಕ. ವಿದ್ಯಾರ್ಥಿಗಳೊಡನೆ ಮನೆಮನೆ ಸುತ್ತಿ ಹಳೆಯ ಬಟ್ಟೆಗಳನ್ನು ಸಂಗ್ರಹಿಸಿ ಲಾರಿಗೆ ತುಂಬಿಸಿದೆವು. ಎಷ್ಟು ಗಂಟುಗಳಾದವು ಎಂದು ಎಣಿಸಿ ಬರೆದಿಟ್ಟೆವು. ಅಲ್ಲಿ ಬೇಕಾಗಿದ್ದದ್ದು ಬಟ್ಟೆಯೋ, ಕುಡಿಯುವ ನೀರೋ, ಔಷಧವೋ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಆ ಗಂಟುಗಳು ಯಾರ ಕೈ ಸೇರಿದವು ಎಂಬುದು ಇಂದಿಗೂ ನನಗೆ ತಿಳಿಯದು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಹೀಗೆ ಅಳತೆ ಮಾಡಿದ್ದರೆ ನಾನೇ ಅವನ ದಾಖಲೆ ಪುಸ್ತಕವನ್ನು ಹಿಂದಿರುಗಿಸುತ್ತಿದ್ದೆ.

ಹಾಗಾದರೆ ಅಳೆಯಬೇಕಾದದ್ದು ಏನನ್ನು? ಇದನ್ನು ತಿಳಿಯಲು ಆಫ್ರಿಕದ ಆಗ್ನೇಯ ಕರಾವಳಿಯಲ್ಲಿರುವ ಮೊಜಾಂಬಿಕ್ ದೇಶದ ಎರಡು ದುರಂತಗಳನ್ನು ಪರಿಶೀಲಿಸೋಣ. ಮೊದಲನೆಯದು 2000ದ ಫೆಬ್ರವರಿಯದು, ಎರಡನೆಯದು 2019ರ ಮಾರ್ಚ್‌ನದು. ಎರಡರಲ್ಲೂ ಚಂಡಮಾರುತ ಮತ್ತು ಪ್ರವಾಹ ಜೊತೆಯಾಗಿ ಬಂದವು. ಎರಡರ ನಡುವಿನ 19 ವರ್ಷಗಳಲ್ಲಿ ಉಪಗ್ರಹ ತಂತ್ರಜ್ಞಾನವೂ ಪರಿಹಾರ ವ್ಯವಸ್ಥೆಯೂ ಬಹಳಷ್ಟು ಬದಲಾದವು. ಬದಲಾಗದೆ ಉಳಿದದ್ದು ಏನು ಎಂಬುದೇ ನಮ್ಮ ಪ್ರಶ್ನೆ.

ಗಾಳಿ ಮೊದಲು, ನೀರು ನಂತರ

2000ದ ಫೆಬ್ರವರಿಯ ಆರಂಭದಲ್ಲೇ ದಕ್ಷಿಣ ಮೊಜಾಂಬಿಕ್‌ನಲ್ಲಿ ಭಾರಿ ಮಳೆಯಾಗಿ ನದಿಗಳು ಉಕ್ಕಿ ಹರಿದಿದ್ದವು. ನೆಲ ಇನ್ನು ನೀರು ಹೀರಲಾರದ ಸ್ಥಿತಿಯಲ್ಲಿತ್ತು. ಆಗ, ಫೆಬ್ರವರಿ 22ರಂದು, ಬೈರಾ ನಗರದ ದಕ್ಷಿಣಕ್ಕೆ ಎಲಿನ್ ಎಂಬ ಚಂಡಮಾರುತ ದಡ ಮುಟ್ಟಿತು. ಅದು ಒಳನಾಡಿಗೆ ಸಾಗಿ ಜಿಂಬಾಬ್ವೆ ಮತ್ತು ದಕ್ಷಿಣ ಆಫ್ರಿಕದ ಉತ್ತರ ಭಾಗದಲ್ಲಿ ಮಳೆ ಸುರಿಸಿತು. ಅದು ಲಿಂಪೊಪೊ ನದಿಯ ಮೇಲಿನ ಜಲಾನಯನ ಪ್ರದೇಶ. ಅಲ್ಲಿ ಬಿದ್ದ ನೀರು ಕೆಳಗೆ ಶೋಕ್ವೆ ಪಟ್ಟಣವನ್ನು ಮುಳುಗಿಸಿದ್ದು ಸುಮಾರು ಐದು ದಿನಗಳ ನಂತರ. ಒಟ್ಟು ಸುಮಾರು 700 ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು.

ಇಲ್ಲಿ ಭೌತವಿಜ್ಞಾನದ ದೃಷ್ಟಿಯಿಂದ ಗಮನಿಸಬೇಕಾದ ಅಂಶವೆಂದರೆ ಈ ಐದು ದಿನಗಳು. ಚಂಡಮಾರುತದ ಗಾಳಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಪ್ರವಾಹದ ಅಲೆ ನದೀಪಾತ್ರದ ಇಳಿಜಾರು ಮತ್ತು ಉದ್ದಕ್ಕೆ ತಕ್ಕಂತೆ ನಿಧಾನವಾಗಿ ಸಾಗುತ್ತದೆ. ಆದ್ದರಿಂದ ಗಾಳಿ ನಿಂತ ಮೇಲೂ ಎಚ್ಚರಿಕೆ ನೀಡಲು ಸಮಯವಿರುತ್ತದೆ. ಲಿಂಪೊಪೊ ಹರಿಯುವುದು ನಾಲ್ಕು ದೇಶಗಳ ಜಲಾನಯನದಲ್ಲಿ. ನೀರಿನ ಮಟ್ಟ ಅಳೆಯುವ ಅನೇಕ ಮಾಪಕಗಳು ಆ ಪ್ರವಾಹದಲ್ಲೇ ಕೊಚ್ಚಿಹೋದವು. ಎಚ್ಚರಿಕೆ ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲಿ ಮಾಹಿತಿಯ ಮೂಲವೇ ಇಲ್ಲವಾಯಿತು.

2019ರಲ್ಲಿ ಏನಾಯಿತು? ಇಡಾಯ್ ಚಂಡಮಾರುತ ಮಾರ್ಚ್ 14ರ ರಾತ್ರಿ ಬೈರಾ ಬಳಿ ದಡಕ್ಕೆ ಬಂದಿತು. ಅದು ಬರುವುದೆಂದು ಮೊದಲೇ ತಿಳಿದಿತ್ತು. ಆದರೆ ಜನರಿಗೆ ತಲುಪಿದ್ದು ಮುಖ್ಯವಾಗಿ ಗಾಳಿಯ ಎಚ್ಚರಿಕೆ. ಗಾಳಿ ಹಾದುಹೋಗಿ ಒಂದೆರಡು ದಿನಗಳಲ್ಲಿ ಬುಝಿ ಮತ್ತು ಪುಂಗ್ವೆ ನದಿಗಳು ದಂಡೆ ಮೀರಿ ಹರಿದು ಬಯಲು ಪ್ರದೇಶವನ್ನು ಸಮುದ್ರದಂತೆ ಮಾಡಿದವು. ಮೊಜಾಂಬಿಕ್‌ನಲ್ಲೇ 600ಕ್ಕೂ ಹೆಚ್ಚು ಜನ ಸತ್ತರು. ನೀರು ತಡವಾಗಿ ಬರುತ್ತದೆ ಎಂಬ 2000ದ ಪಾಠ 2019ರಲ್ಲೂ ಹಳ್ಳಿಯ ಮಟ್ಟದ ಎಚ್ಚರಿಕೆಯಾಗಿ ಬದಲಾಗಿರಲಿಲ್ಲ. ಇದು ನನ್ನ ಮೊದಲ ಆಕ್ಷೇಪ.

ಉಪಗ್ರಹ ಕಂಡದ್ದು, ಕಾಣದ್ದು

ವಿಪತ್ತಿನ ಸಮಯದಲ್ಲಿ ಉಪಗ್ರಹ ಚಿತ್ರಗಳನ್ನು ಉಚಿತವಾಗಿ ಒದಗಿಸುವ ಅಂತಾರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2000ದ ಕೊನೆಯಲ್ಲಿ. ನಮ್ಮ ಇಸ್ರೋ ಅದಕ್ಕೆ ಸೇರಿದ್ದು 2001ರಲ್ಲಿ. ಎಲಿನ್ ವೇಳೆಗೆ ಈ ಸೌಲಭ್ಯವಿರಲಿಲ್ಲ, ಇಡಾಯ್ ವೇಳೆಗೆ ಇತ್ತು. ಯೂರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳಿಂದ ಪ್ರವಾಹದ ನಕ್ಷೆಗಳು ಕೆಲವೇ ದಿನಗಳಲ್ಲಿ ಸಿದ್ಧವಾದವು.

ಇದರ ತತ್ತ್ವ ಸರಳ. ಸುಮಾರು 5.6 ಸೆಂ.ಮೀ. ತರಂಗದೂರದ ರೇಡಾರ್ ಅಲೆ ಮೋಡಗಳ ಮೂಲಕ ಹಾದುಹೋಗುತ್ತದೆ. ಕತ್ತಲೂ ಅದಕ್ಕೆ ಅಡ್ಡಿಯಲ್ಲ. ಓರೆಯಾಗಿ ಬಿದ್ದ ಅಲೆಯನ್ನು ಶಾಂತವಾದ ನೀರಿನ ಮೇಲ್ಮೈ ಕನ್ನಡಿಯಂತೆ ಆಚೆಗೆ ಪ್ರತಿಫಲಿಸುತ್ತದೆ. ಉಪಗ್ರಹಕ್ಕೆ ಏನೂ ಹಿಂದಿರುಗದ ಕಾರಣ ನೀರು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ.

ಆದರೆ ಇದಕ್ಕೆ ಮಿತಿಗಳಿವೆ. ಮರಗಳ ನಡುವೆ ನಿಂತ ನೀರಿನಿಂದ ಅಲೆ ಎರಡು ಬಾರಿ ಪುಟಿದು ಹಿಂದಿರುಗಬಹುದು; ಆಗ ಮುಳುಗಿದ ಜಾಗವೂ ಬೆಳ್ಳಗೆ ಕಾಣುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಕ್ಷೆ ತೋರಿಸುವುದು ನೀರು ಎಲ್ಲಿದೆ ಎಂಬುದನ್ನು. ಮಾಡಿನ ಮೇಲೆ, ಮರದ ಮೇಲೆ ಕುಳಿತಿರುವ ಜನ ಎಲ್ಲಿದ್ದಾರೆ ಎಂಬುದನ್ನು ಅದು ತೋರಿಸಲಾರದು. ಅದನ್ನು ಹೇಳಬಲ್ಲವರು ಆ ಊರಿನವರೇ. ಆದರೆ ಬೈರಾ ಸುತ್ತಲಿನ ದೂರವಾಣಿ ಸಂಪರ್ಕ ಕಡಿದುಹೋಗಿತ್ತು, ರಸ್ತೆಗಳು ಕೊಚ್ಚಿಹೋಗಿದ್ದವು. ಆಕಾಶದಿಂದ ಮಾಹಿತಿ ಬಂದಿತು, ನೆಲದಿಂದ ಬರಲಿಲ್ಲ.

ಒಂದು ಅಂದಾಜು ಲೆಕ್ಕ

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಕಾಗದ ಪೆನ್ನು ಹಿಡಿದು ನೀವೂ ಜೊತೆಗೆ ಮಾಡಿ. ನೆರೆಯಲ್ಲಿ ಒಂದು ಲಕ್ಷ ಜನ ಸಿಕ್ಕಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಪರಿಹಾರ ಕಾರ್ಯದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು ಮತ್ತು 2,100 ಕಿಲೊಕ್ಯಾಲೊರಿ ಆಹಾರ ಬೇಕು. ಧಾನ್ಯ, ಬೇಳೆ, ಎಣ್ಣೆ ಸೇರಿ ಆಹಾರದ ತೂಕ ಸುಮಾರು ಅರ್ಧ ಕೆ.ಜಿ. ಒಂದು ಲಕ್ಷ ಜನಕ್ಕೆ ಅದು ದಿನಕ್ಕೆ 50 ಟನ್. ನೀರು 15 ಲಕ್ಷ ಲೀಟರ್, ಅಂದರೆ 1,500 ಟನ್.

ಎಂಐ-8ರಂತಹ ಸಾಗಣೆ ಹೆಲಿಕಾಪ್ಟರ್ ಒಮ್ಮೆಗೆ ಸುಮಾರು 4 ಟನ್ ಹೊರಬಲ್ಲದು. ಆಹಾರಕ್ಕೆ ದಿನಕ್ಕೆ 13 ಹಾರಾಟ ಸಾಕು. ನೀರಿಗೆ 375 ಹಾರಾಟ ಬೇಕು! ಅದು ಅಸಾಧ್ಯ.

ಬದಲಿಗೆ ಅಲ್ಲೇ ಇರುವ ನೀರನ್ನು ಶುದ್ಧಗೊಳಿಸಿದರೆ? ಕೆಸರನ್ನು ತಂಗಿಸಿ ಸೋಸಿದ ನೀರಿಗೆ ಲೀಟರಿಗೆ 3 ಮಿ.ಗ್ರಾಂ. ಕ್ಲೋರಿನ್ ಎಂದಿಟ್ಟುಕೊಂಡರೆ 15 ಲಕ್ಷ ಲೀಟರಿಗೆ ಬೇಕಾಗುವುದು 4.5 ಕೆ.ಜಿ. ಕ್ಲೋರಿನ್. ಬ್ಲೀಚಿಂಗ್ ಪುಡಿಯಲ್ಲಿ ದೊರೆಯುವ ಕ್ಲೋರಿನ್ ಸುಮಾರು ಶೇಕಡ 30 ಎಂದರೆ 15 ಕೆ.ಜಿ. ಪುಡಿ. ನೀರು ಹೆಚ್ಚು ಕೊಳಕಾಗಿದ್ದರೆ ಇದರ ಎರಡರಷ್ಟು. 1,500 ಟನ್ನಿನ ಕೆಲಸವನ್ನು ಒಂದು ಚೀಲ ಪುಡಿ ಮಾಡುತ್ತದೆ. ಜೊತೆಗೆ ತೊಟ್ಟಿಗಳು ಬೇಕು, ಸೋಸುವ ಸಲಕರಣೆ ಬೇಕು, ಎಷ್ಟು ಪುಡಿ ಹಾಕಬೇಕೆಂದು ಬಲ್ಲ ಒಬ್ಬ ಸ್ಥಳೀಯ ವ್ಯಕ್ತಿ ಬೇಕು. ಆದರೆ ಟನ್ನಿನಲ್ಲಿ ಅಳೆಯುವ ವರದಿಯಲ್ಲಿ ಈ ಒಂದು ಚೀಲಕ್ಕೆ ಬೆಲೆಯೇ ಇಲ್ಲ.

ವಿದ್ಯುನ್ಮಂಡಲದಲ್ಲಿ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಪ್ರವಾಹವನ್ನು ಹೆಚ್ಚಾಗಿ ನಿರ್ಧರಿಸುವುದು ಅವುಗಳಲ್ಲಿ ಅತಿ ದೊಡ್ಡದು. ಚಿಕ್ಕ ರೋಧಕವನ್ನು ಇನ್ನಷ್ಟು ಚಿಕ್ಕದು ಮಾಡಿ ಪ್ರಯೋಜನವಿಲ್ಲ. ಪರಿಹಾರವೂ ಬಂದರು, ಗೋದಾಮು, ರಸ್ತೆ, ಹಳ್ಳಿ ಎಂಬ ಸರಣಿಯಲ್ಲಿ ಸಾಗುತ್ತದೆ. ಬಂದರಿಗೆ ಮತ್ತಷ್ಟು ಹಡಗು ಬಂದರೂ ತಡೆ ಇರುವುದು ಕೊನೆಯ ಹತ್ತು ಕಿ.ಮೀ.ನಲ್ಲಾದರೆ ಹಸಿದವನಿಗೆ ಏನೂ ಬದಲಾಗದು. ಅತಿ ದೊಡ್ಡ ತಡೆ ಎಲ್ಲಿದೆ ಎಂದು ಹುಡುಕಿ ಅದನ್ನು ಮೊದಲು ತೆಗೆಯುವುದೇ ಸಮನ್ವಯದ ನಿಜವಾದ ಅರ್ಥ.

ದೋಣಿಗಳು ಮತ್ತು ಪಟ್ಟಿಗಳು

2000ದಲ್ಲಿ ದಕ್ಷಿಣ ಆಫ್ರಿಕದ ಸೇನಾ ಹೆಲಿಕಾಪ್ಟರ್‌ಗಳು 14,000ಕ್ಕೂ ಹೆಚ್ಚು ಜನರನ್ನು ಪಾರುಮಾಡಿದವು. ಇದು ಸಣ್ಣ ಸಾಧನೆಯಲ್ಲ. ಮರದ ಮೇಲೆ ಮಗು ಹೆತ್ತ ತಾಯಿಯನ್ನು ಮೇಲೆತ್ತಿದ ದೃಶ್ಯ ಜಗತ್ತಿನಾದ್ಯಂತ ಟಿವಿಯಲ್ಲಿ ಬಂದ ಮೇಲೆಯೇ ಹಣದ ಹೊಳೆ ಹರಿಯಿತು. ಮೇ ತಿಂಗಳಲ್ಲಿ ರೋಮ್‌ನಲ್ಲಿ ನಡೆದ ಸಭೆಯಲ್ಲಿ ದಾನಿ ದೇಶಗಳು ಸುಮಾರು 45 ಕೋಟಿ ಡಾಲರ್ ನೀಡುವ ಭರವಸೆ ಕೊಟ್ಟವು. ಆದರೆ ಆ ಪ್ರವಾಹದಲ್ಲಿ ಹೆಲಿಕಾಪ್ಟರ್‌ಗಳಿಗಿಂತ ದೋಣಿಗಳಿಂದ ಪಾರಾದವರೇ ಹೆಚ್ಚು. ಆ ದೋಣಿಗಳಲ್ಲಿ ಹೆಚ್ಚಿನವನ್ನು ನಡೆಸಿದವರು ಮೊಜಾಂಬಿಕ್‌ನವರೇ. ಅದು ಟಿವಿಯಲ್ಲಿ ಹೆಚ್ಚು ಕಾಣಲಿಲ್ಲ.

2005ರ ನಂತರ ವಿಶ್ವಸಂಸ್ಥೆ ಪರಿಹಾರ ಕಾರ್ಯವನ್ನು ಗುಂಪುಗಳಾಗಿ ವಿಂಗಡಿಸಿತು. ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಸಾಗಣೆಗೆ ವಿಶ್ವ ಆಹಾರ ಕಾರ್ಯಕ್ರಮ, ನೀರು ಮತ್ತು ನೈರ್ಮಲ್ಯಕ್ಕೆ ಯುನಿಸೆಫ್ ಹೀಗೆ ಒಂದೊಂದಕ್ಕೆ ಒಬ್ಬ ಮುಂದಾಳು. 2019ರಲ್ಲಿ ಬೈರಾ ವಿಮಾನ ನಿಲ್ದಾಣವೇ ಈ ಎಲ್ಲರ ಕಾರ್ಯಸ್ಥಾನವಾಯಿತು. ತರಬೇತಿ ಯಾನದಲ್ಲಿದ್ದ ನಮ್ಮ ನೌಕಾಪಡೆಯ ಸುಜಾತಾ, ಶಾರ್ದೂಲ್ ಮತ್ತು ತಟರಕ್ಷಣಾ ಪಡೆಯ ಸಾರಥಿ ಹಡಗುಗಳು ಮೊದಲು ನೆರವಿಗೆ ಧಾವಿಸಿದವುಗಳಲ್ಲಿ ಸೇರಿವೆ.

ಈ ವ್ಯವಸ್ಥೆ ಚೆನ್ನಾಗಿ ನಡೆದ ಒಂದು ಉದಾಹರಣೆಯನ್ನೂ ಹೇಳಬೇಕು. ಮಾರ್ಚ್ 27ರಂದು ಕಾಲರಾ ದೃಢಪಟ್ಟಿತು. ಒಂದೇ ವಾರದಲ್ಲಿ, ಏಪ್ರಿಲ್ 3ರಂದು, ಬಾಯಿಯ ಮೂಲಕ ಕೊಡುವ ಲಸಿಕೆಯ ಅಭಿಯಾನ ಆರಂಭವಾಯಿತು. ಸುಮಾರು 9 ಲಕ್ಷ ಡೋಸ್‌ಗಳು ಬಂದಿದ್ದವು. 6,700ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿದರೂ ಸತ್ತವರು 8 ಜನ. ಇಲ್ಲಿ ಯಶಸ್ಸು ದೊರೆತದ್ದು ಏಕೆ? ಲಸಿಕೆಯ ಪೆಟ್ಟಿಗೆಗಳ ಜೊತೆಗೆ ರೋಗಿಗಳನ್ನೂ ದಿನವೂ ಎಣಿಸುತ್ತಿದ್ದರು. ಅಳೆಯಬೇಕಾದ್ದನ್ನೇ ಅಳೆದರು.

ಆಹಾರ ಹಂಚಿಕೆಯಲ್ಲಿ ಹಾಗಾಗಲಿಲ್ಲ. ಯಾರಿಗೆ ಆಹಾರ ಸಿಗಬೇಕೆಂಬ ಪಟ್ಟಿ ಹಲವೆಡೆ ಸ್ಥಳೀಯ ಮುಖಂಡರ ಕೈಯಲ್ಲಿತ್ತು. ಪಟ್ಟಿಯಲ್ಲಿ ಹೆಸರು ಸೇರಿಸಲು, ಒಂದು ಚೀಲ ಅಕ್ಕಿ ಕೊಡಲು, ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಳ್ಳಲಾಗಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ವರದಿ ಮಾಡಿತು. ತನಿಖೆ ನಡೆಸುವುದಾಗಿ ವಿಶ್ವಸಂಸ್ಥೆ ಹೇಳಿತು. ದೂರು ಹೇಳಲು 1458 ಎಂಬ ಉಚಿತ ದೂರವಾಣಿ ಸಂಖ್ಯೆ ಆರಂಭವಾದದ್ದು ಮೇ ತಿಂಗಳಲ್ಲಿ, ಚಂಡಮಾರುತ ಬಂದ ಸುಮಾರು ಎರಡು ತಿಂಗಳ ನಂತರ. ಟನ್ನುಗಳ ಲೆಕ್ಕದಲ್ಲಿ ಆ ಅಕ್ಕಿಯ ಚೀಲವೂ ‘ತಲುಪಿದೆ’ ಎಂದೇ ದಾಖಲಾಗುತ್ತದೆ ಎಂಬುದನ್ನು ನೀವು ಮರೆಯಬಾರದು. ಇದು ನನ್ನ ಎರಡನೆಯ ಮತ್ತು ಹೆಚ್ಚು ಗಂಭೀರವಾದ ಆಕ್ಷೇಪ.

ನಾವು ಕೇಳಬೇಕಾದ ಪ್ರಶ್ನೆಗಳು

ಎದೆಮಟ್ಟದ ನೀರಿನಲ್ಲಿ ದುಡಿದವರನ್ನು ಮನೆಯಲ್ಲಿ ಕುಳಿತು ಟೀಕಿಸುವುದು ಸುಲಭ ಎಂದು ನೀವು ಹೇಳಬಹುದು. ಆ ಮಾತು ನಿಜ. ನನ್ನ ಟೀಕೆ ದುಡಿದವರ ಮೇಲಲ್ಲ, ಅವರ ಕೆಲಸವನ್ನು ಅಳೆಯುವ ಮಾನದ ಮೇಲೆ. ಸುಧಾರಣೆ ಸಾಧ್ಯ ಎಂಬುದಕ್ಕೆ ಒಡಿಶಾವೇ ಸಾಕ್ಷಿ. 1999ರಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದೇ ವರ್ಷ ವಿಪತ್ತು ನಿರ್ವಹಣೆಗೆಂದೇ ರಾಜ್ಯ ಪ್ರಾಧಿಕಾರ ಸ್ಥಾಪನೆಯಾಯಿತು. ಆಶ್ರಯ ಕಟ್ಟಡಗಳು ಎದ್ದವು, ಹಳ್ಳಿಗಳಲ್ಲಿ ಸ್ವಯಂಸೇವಕರು ತರಬೇತಿ ಪಡೆದರು. 2013ರ ಅಕ್ಟೋಬರ್ 12ರಂದು ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ನೂರಕ್ಕಿಂತ ಬಹಳ ಕಡಿಮೆ.

ಆದ್ದರಿಂದ ಮುಂದಿನ ಬಾರಿ ಪರಿಹಾರದ ವರದಿ ಓದುವಾಗ, ನಿಮ್ಮ ಜಿಲ್ಲೆಯ ಗಂಜಿ ಕೇಂದ್ರದ ವರದಿಯೇ ಆಗಿರಲಿ, ನಾಲ್ಕು ಪ್ರಶ್ನೆಗಳನ್ನು ಕೇಳಿ. ಒಂದು, ಎಚ್ಚರಿಕೆ ಹೊರಟ ಎಷ್ಟು ಗಂಟೆಗಳ ನಂತರ ಕೊನೆಯ ಹಳ್ಳಿಗೆ ಮುಟ್ಟಿತು? ಗಾಳಿಯದಷ್ಟೇ ಅಲ್ಲ, ನೀರಿನದೂ ಮುಟ್ಟಿತೇ? ಎರಡು, ಸರಣಿಯಲ್ಲಿ ಅತಿ ದೊಡ್ಡ ತಡೆ ಯಾವುದಿತ್ತು, ಅದನ್ನು ತೆಗೆಯಲು ಏನು ಮಾಡಿದರು? ಮೂರು, ಪಟ್ಟಿಯಿಂದ ಬಿಟ್ಟುಹೋದವರು ಯಾರು? ನಾಲ್ಕು, ಬಿಟ್ಟುಹೋದವರು ಯಾರ ಭಯವೂ ಇಲ್ಲದೆ ದೂರು ಹೇಳಲು ಮೊದಲ ದಿನದಿಂದಲೇ ದಾರಿಯಿತ್ತೇ?

ಈ ನಾಲ್ಕಕ್ಕೂ ಉತ್ತರವಿಲ್ಲದ ವರದಿ ಎಷ್ಟೇ ದಪ್ಪವಿದ್ದರೂ ಅಪೂರ್ಣ. 1999ರಲ್ಲಿ ನಾನು ಬರೆದಿಟ್ಟ ಗಂಟುಗಳ ಲೆಕ್ಕವೂ ಅಂಥದ್ದೇ ಆಗಿತ್ತು.