ಬಿಲ್ ಕೊಟ್ಟವರು ಯಾರು?

ಪರದೇಶದ ಪಂಚತಾರಾ ಹೋಟೆಲಿನಲ್ಲಿ ಒಬ್ಬಂಟಿಯಾಗಿ ಉಳಿದು ನಿರಾಶರಾದವರು ನಮ್ಮ ಪ್ರವಾಸಕಥನಗಳಲ್ಲಿ ಏಕೆ ಅಪರೂಪ? ಶಿವಬಸವ ನಗರದ ಕೋಣೆಯಲ್ಲಿ ಕೂತು ಅವನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಮಕ್ಕಳಿದ್ದ ನಾಡಿಗೆ ಹೋದ ಹಿರಿಯರ ಕಥನ. ಅಲ್ಲಿ ಬೆರಗಿದೆ, ನಗೆಯಿದೆ. ಆತಿಥ್ಯದ ಲೆಕ್ಕ ಕೇಳುವ ಪ್ರಮೇಯವಿಲ್ಲ. ಉಂಡ ಮನೆಯನ್ನು ಹಳಿಯಬಾರದೆಂಬುದು ನಮ್ಮ ರೂಢಿ. ಹಣ ತೆತ್ತವರಿಗೆ ಆ ಹಂಗಿಲ್ಲ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ತನ್ನ ದಾರಿ ತಾನೇ ಹುಡುಕಿಕೊಂಡ ಹೆಣ್ಣಿನ ಕಥನವಾದ್ದರಿಂದಲೇ ಬೇರೆಯಾಗಿ ಕೇಳಿಸುತ್ತದೆ.

ದುಬಾರಿ ಕೋಣೆಯ ನಿರಾಶೆ ಬರೀ ದೂರಿನ ಪಟ್ಟಿಯಾದರೆ ಸಾಹಿತ್ಯವಾಗದು. ಸೇವೆಯನ್ನು ಕೊಳ್ಳಬಹುದು, ಆತಿಥ್ಯವನ್ನಲ್ಲ ಎಂಬ ಅರಿವು ಅದರೊಳಗಿದೆ; ಅದನ್ನು ಬರೆಯಬೇಕು. ಅಲ್ಲಿಯವರೆಗೆ, ಯಾವ ಪ್ರವಾಸಕಥನ ಓದಿದರೂ ಬಿಲ್ ಯಾರು ಕೊಟ್ಟರೆಂದು ಕೇಳಿ ನೋಡೋಣ.