ಉಯಿಲಿನಲ್ಲಿಲ್ಲದ ಅಪ್ಪ

ಅಮೆರಿಕದಲ್ಲಿ ವಂಶಾವಳಿ ಹುಡುಕಲು ಹೊರಟವರಿಗೆ ಸಿಗುವ ಮೊದಲ ಬುದ್ಧಿಮಾತು: ಅಜ್ಜಿ ಹೇಳಿದ್ದನ್ನು ನಂಬಬೇಡ, ಜನಗಣತಿಯನ್ನೂ ಉಯಿಲನ್ನೂ ನಂಬು. ಕಾಗದಕ್ಕೆ ಮರೆವೂ ಇಲ್ಲ, ಪಕ್ಷಪಾತವೂ ಇಲ್ಲ ಎಂಬ ಭರವಸೆ ಇದರ ಹಿಂದಿದೆ. ಆ ದೇಶದ ಮೊದಲ ನೂರು ವರ್ಷಗಳ ಮಟ್ಟಿಗೆ ನಾನಿದನ್ನು ಒಪ್ಪಲಾರೆ. ಆ ಕಾಗದಗಳು ಯಾತಕ್ಕಾಗಿ ಹುಟ್ಟಿದವು ಎಂದು ಕೇಳದೆ ನಂಬಿದ್ದರಿಂದ ಒಂದು ಇಡೀ ಸಮುದಾಯಕ್ಕೆ ಅನ್ಯಾಯವಾಗಿದೆ.

1790ರ ಮೊದಲ ಗಣತಿಯಲ್ಲಿ ಹೆಸರಿರುವುದು ಮನೆಯ ಯಜಮಾನನದು ಮಾತ್ರ. ಉಳಿದವರು ಬರೀ ಅಂಕಿ: ಹದಿನಾರು ತುಂಬಿದ ಬಿಳಿಯ ಗಂಡಸರು ಇಷ್ಟು, ಹುಡುಗರು ಇಷ್ಟು, ಹೆಂಗಸರು ಇಷ್ಟು, ಗುಲಾಮರು ಇಷ್ಟು. ಪ್ರತಿನಿಧಿಗಳ ಸಂಖ್ಯೆ ಗೊತ್ತುಮಾಡಲು ಎಣಿಸಿದ ತಲೆಗಳವು. ಅದರಲ್ಲೂ ಐವರು ಗುಲಾಮರಿಗೆ ಮೂವರ ಲೆಕ್ಕ. 1850ರಲ್ಲಿ ಸ್ವತಂತ್ರರೆಲ್ಲರ ಹೆಸರೂ ಬಂತು. ಗುಲಾಮರದು ಬೇರೆಯೇ ಪಟ್ಟಿ, ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ. ಯಜಮಾನನಿಗೆ ಏನಾಗಬೇಕು ಎಂಬ ಪ್ರಶ್ನೆ ಫಾರಂಗೆ ಸೇರಿದ್ದೇ 1880ರಲ್ಲಿ.

ಉಯಿಲು ಇನ್ನಷ್ಟು ಬಾಯಿಬಿಡುತ್ತದೆ, ನಿಜ. ಆದರೆ ಅದು ಆಡುವುದು ಆಸ್ತಿಯ ಮಾತನ್ನು. ಮೊದಲೇ ಜಮೀನು ಪಡೆದು ಬೇರೆಯಾದ ಮಗ ಅದರಲ್ಲಿ ಕಾಣದೇ ಹೋಗಬಹುದು.

ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ 1826ರ ಮಾರ್ಚ್‌ನಲ್ಲಿ ಬರೆದ ಉಯಿಲನ್ನು ನೋಡಿ. ಐವರು ಗುಲಾಮರಿಗೆ ಬಿಡುಗಡೆ. ಅವರಲ್ಲಿ ಮ್ಯಾಡಿಸನ್ ಮತ್ತು ಎಸ್ಟನ್ ಹೆಮಿಂಗ್ಸ್, ಇಪ್ಪತ್ತೊಂದು ತುಂಬುವವರೆಗೆ ಬಡಗಿ ಜಾನ್ ಹೆಮಿಂಗ್ಸ್‌ನ ಕೈಕೆಳಗೆ ಕೆಲಸ ಕಲಿಯಬೇಕಾದವರು. ಜಾನ್ ಅವರ ಸೋದರಮಾವ. ಮ್ಯಾಡಿಸನ್ ಮತ್ತು ಎಸ್ಟನ್ ತನಗೆ ಏನಾಗಬೇಕು ಎಂದು ಜೆಫರ್ಸನ್ ಬರೆಯಲಿಲ್ಲ. ಅವರ ತಾಯಿ ಸ್ಯಾಲಿಯ ಹೆಸರೇ ಉಯಿಲಿನಲ್ಲಿಲ್ಲ. ಬಿಡುಗಡೆ ಪಡೆದ ಇನ್ನೊಬ್ಬ, ಕಮ್ಮಾರ ಜೋ ಫಾಸೆಟ್. 1827ರ ಜನವರಿಯಲ್ಲಿ ಜೆಫರ್ಸನ್‌ನ ಎಸ್ಟೇಟ್ ಮಾಂಟಿಚೆಲೊದಲ್ಲಿ 130 ಜನರನ್ನು ಹರಾಜಿಗಿಟ್ಟಾಗ ಅವನ ಹೆಂಡತಿ ಈಡಿತ್ ಮತ್ತು ಮಕ್ಕಳೂ ಅದರಲ್ಲಿದ್ದರು. ಈ ಉಯಿಲನ್ನು ಕುಟುಂಬದ ದಾಖಲೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಜೆಫರ್ಸನ್ ತನ್ನ ತಂದೆ ಎಂದು ಮ್ಯಾಡಿಸನ್ 1873ರಲ್ಲಿ ಓಹಾಯೋದ ಪತ್ರಿಕೆಯೊಂದಕ್ಕೆ ಸ್ಪಷ್ಟವಾಗಿ ಹೇಳಿದ. ಹೆಸರಾಂತ ಇತಿಹಾಸಕಾರರು ನೂರಕ್ಕೂ ಹೆಚ್ಚು ವರ್ಷ ಅದನ್ನು ಬಾಯಿಮಾತೆಂದು ತಳ್ಳಿಹಾಕಿದರು. ಅವರು ಅದರ ಬದಲು ಒಪ್ಪಿದ್ದೇನು? ಸ್ಯಾಲಿಯ ಮಕ್ಕಳ ತಂದೆ ಜೆಫರ್ಸನ್‌ನ ಸೋದರಳಿಯ, ಕಾರ್ ಮನೆತನದವನು ಎಂದು ಜೆಫರ್ಸನ್‌ನ ಮೊಮ್ಮಕ್ಕಳು ಹೇಳಿದ ಮಾತನ್ನು. ಅದೂ ಬಾಯಿಮಾತೇ! ಈ ಎರಡು ತಕ್ಕಡಿಗಳನ್ನು ಇತಿಹಾಸಕಾರ್ತಿ ಆನೆಟ್ ಗಾರ್ಡನ್-ರೀಡ್ 1997ರ ತಮ್ಮ ಪುಸ್ತಕದಲ್ಲಿ ಬಯಲಿಗೆಳೆದರು. ಮರುವರ್ಷದ ಡಿಎನ್‌ಎ ಪರೀಕ್ಷೆಯಲ್ಲಿ ಎಸ್ಟನ್‌ನ ವಂಶಸ್ಥನಲ್ಲಿ ಸಿಕ್ಕಿದ್ದು ಜೆಫರ್ಸನ್ ಮನೆತನದ ಗಂಡುಸಂತಾನದ ಗುರುತು, ಕಾರ್ ಮನೆತನದ್ದಲ್ಲ. ಅಲ್ಲಿಗೆ ಬಿದ್ದುಹೋದದ್ದು ಬಿಳಿಯರ ಮನೆಯ ಕಥೆ.

ಹಾಗೆಂದು ಕಾಗದವನ್ನು ಬಿಸಾಡಿ ಎನ್ನುತ್ತಿಲ್ಲ. 1870ರ ಗಣತಿಯಲ್ಲಿ, ಓಹಾಯೋದ ರಾಸ್ ಕೌಂಟಿಯಲ್ಲಿ, ಗಣತಿದಾರ ಮ್ಯಾಡಿಸನ್ ಹೆಸರಿನ ಬಳಿ ಇವನು ಥಾಮಸ್ ಜೆಫರ್ಸನ್‌ನ ಮಗ ಎಂದು ಗೀಚಿದ್ದಾನೆ. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಕಿವಿಗೆ ಬಿದ್ದದ್ದನ್ನು ಬರೆದುಕೊಂಡ, ಅಷ್ಟೆ. ಸತ್ತವರ ಆಸ್ತಿಪಟ್ಟಿಗಳಲ್ಲೂ ದನಕರುಗಳ ಜೊತೆ ಗುಲಾಮರ ಹೆಸರು, ಬೆಲೆ ಸಿಗುತ್ತವೆ. ಆ ಒಂಟಿ ಹೆಸರು ಯಾರ ಮಗಳದು, ಯಾರ ತಾಯಿಯದು ಎಂದು ಪಟ್ಟಿ ಬರೆದವನು ಕೇಳಿರುವುದಿಲ್ಲ. ಅದನ್ನು ಹೇಳಬಲ್ಲವರು ಮನೆಯವರು. 1993ರಿಂದ ಮಾಂಟಿಚೆಲೊವನ್ನು ನೋಡಿಕೊಳ್ಳುವ ಸಂಸ್ಥೆಯವರೇ ಅಲ್ಲಿನ ಗುಲಾಮರ ವಂಶಸ್ಥರನ್ನು ಹುಡುಕಿಕೊಂಡು ಹೋಗಿ, ಅವರ ಮನೆಗಳಲ್ಲಿ ಉಳಿದುಬಂದ ಮಾತನ್ನು ದಾಖಲಿಸಿಕೊಳ್ಳುತ್ತಿದ್ದಾರೆ.